ಮೊಂಡಿಯ ಬಟ್ಟೆ ನ್ಯಾಪಿ

ಅವಳಿಗೆ ಮೊಂಡಿ ಎಂದು ಹೆಸರಿಟ್ಟವರು ಲಾಂಡ್ರಿಯ ಹೆಂಗಸರು. ನಾನಲ್ಲ. ನನ್ನನ್ನು ಕೇಳಿದ್ದರೆ ಇನ್ನೂ ಖಾರವಾದ ಹೆಸರು ಕೊಡುತ್ತಿದ್ದೆ, ಯಾಕೆಂದರೆ ಅವಳ ಮೊಂಡುತನದ ಬಿಸಿ ಎಲ್ಲರಿಗಿಂತ ಹೆಚ್ಚು ತಟ್ಟಿದ್ದು ನನಗೆ.

ನಾನು ಆ ದೊಡ್ಡ ಹೋಟೆಲಿನ ಹಿಂಭಾಗದ ಮಕ್ಕಳ ಕೋಣೆಯ ಆಯಾ. ಅಲ್ಲಿ ದುಡಿಯುವ ತಾಯಂದಿರು ಬೆಳಿಗ್ಗೆ ಮಕ್ಕಳನ್ನು ನನ್ನ ಕೈಗೆ ಹಾಕಿ ಹೋಗುತ್ತಾರೆ, ಸಂಜೆ ಬಂದು ಎತ್ತಿಕೊಂಡು ಹೋಗುತ್ತಾರೆ. ಹನ್ನೊಂದು ಮಕ್ಕಳು, ಎರಡು ಕೋಣೆ, ಒಂದು ಬಚ್ಚಲು, ನನಗೆ ದೇವರು ಕೊಟ್ಟ ಎರಡೇ ಕೈ. ಕೋಣೆಯ ಕೆಳಗೇ ಲಾಂಡ್ರಿ. ದೊಡ್ಡ ಮೆಷಿನ್ನುಗಳು ತಿರುಗತೊಡಗಿದರೆ ನೆಲ ಸಣ್ಣಗೆ ನಡುಗುತ್ತದೆ, ಆ ನಡುಕಕ್ಕೇ ಅರ್ಧ ಮಕ್ಕಳು ನಿದ್ದೆ ಹೋಗುತ್ತವೆ. ನನಗೆ ಮಾತ್ರ ಆ ನಡುಕದಿಂದ ತಲೆನೋವು.

ಮೊಂಡಿಯದು ಲಾಂಡ್ರಿಯಲ್ಲಿ ಟವೆಲ್ಲುಗಳ ಕೆಲಸ. ಹೋಟೆಲಿನ ಟವೆಲ್ಲು ಮುಖಕ್ಕೆ ಒತ್ತಿಕೊಂಡರೆ ಬೆಣ್ಣೆಯಂತಿರಬೇಕು ಅನ್ನುವುದು ಅಲ್ಲಿನವರ ಪ್ರತಿಷ್ಠೆ. ಕೊನೆಯ ನೀರಿಗೆ ಬಟ್ಟೆ ಮೆತ್ತಗಾಗಿಸುವ ಸಾಫ್ಟನರ್ ಎಷ್ಟು ಬೀಳಬೇಕು, ಎಷ್ಟು ಹೊತ್ತು ತಿರುಗಬೇಕು ಅನ್ನುವುದರಲ್ಲಿ ಅವಳದು ಎತ್ತಿದ ಕೈ. ಅತಿಥಿಗಳು ಟವೆಲ್ಲನ್ನು ಹೊಗಳಿ ಬರೆದ ಚೀಟಿಗಳನ್ನು ಅವಳು ತನ್ನ ಲಾಕರಿನ ಬಾಗಿಲಿಗೆ ಅಂಟಿಸಿಕೊಂಡಿದ್ದಳು.

ಹೆರಿಗೆ ರಜೆ ಮುಗಿಸಿ ಬಂದ ದಿನ ಅವಳ ಕಂಕುಳಲ್ಲಿ ಎಂಟು ತಿಂಗಳ ಮಗಳು, ಹೆಗಲಲ್ಲಿ ಎರಡು ಚೀಲ. ಒಂದರಲ್ಲಿ ಮಡಿಸಿಟ್ಟ ಆರು ಬಟ್ಟೆ ನ್ಯಾಪಿ. ಅಂಚು ಹರಿದು ಹೋಟೆಲಿನವರು ಬೇಡವೆಂದ ಟವೆಲ್ಲುಗಳನ್ನು ಕೇಳಿ ಪಡೆದು, ಕತ್ತರಿಸಿ, ಮೂರು ಪದರ ಹಾಕಿ, ಹೊರಗಡೆಗೆ ರೇನ್‌ಕೋಟಿನ ಬಟ್ಟೆ ಕೊಟ್ಟು ತಾನೇ ಹೊಲಿದಿದ್ದಳು. ಇನ್ನೊಂದು ಚೀಲ ಖಾಲಿ, ಜಿಪ್ ಹಾಕಿದ್ದು.

"ಅಕ್ಕ, ನೀವು ಬಿಚ್ಚಿ ಈ ಚೀಲಕ್ಕೆ ಹಾಕಿ, ಜಿಪ್ ಎಳೀರಿ, ಅಷ್ಟೇ. ಒಗೆಯೋದು ನಾನು" ಎಂದಳು.

ನನಗೆ ಮೈಯೆಲ್ಲ ಉರಿದುಹೋಯಿತು. "ಗೋಡೆ ಮೇಲೆ ಬರೆದಿರೋದು ಕಾಣ್ಸಲ್ವೇನೇ ನಿಂಗೆ?" ಎಂದೆ. ಬಾಗಿಲ ಪಕ್ಕದಲ್ಲೇ ದಪ್ಪ ಅಕ್ಷರದಲ್ಲಿತ್ತು: ಬಳಸಿ ಬಿಸಾಡುವ ಡೈಪರ್ ಮಾತ್ರ ತರತಕ್ಕದ್ದು, ಆಯಾಗಳಿಗೆ ತೊಂದರೆಯಾಗಬಾರದು.

"ಕಾಣ್ಸುತ್ತೆ. ಇದೂ ನೋಡಿ" ಎಂದು ಮಗುವಿನ ಚಡ್ಡಿ ಸರಿಸಿದಳು. ತೊಡೆಸಂದಿ ಕೆಂಪಗೆ ಸುಲಿದಿತ್ತು.

"ಬೇರೆ ಕಂಪನೀದು ಹಾಕಿ ನೋಡು."

"ನಾಲ್ಕು ಕಂಪನೀದು ಹಾಕಿ ನೋಡಾಯ್ತು."

ನನ್ನ ಉಳಿದ ಹತ್ತು ಮಕ್ಕಳು ಡೈಪರಿನಲ್ಲಿ ಗುಂಡುಗುಂಡಾಗೇ ಇದ್ದರು, ಸುಳ್ಳು ಯಾಕೆ ಹೇಳಲಿ. ಹಾಗೆಂದೆ. ಅವಳು ಜಪ್ಪಯ್ಯ ಅಂದರೂ ಕದಲಲಿಲ್ಲ. "ದಿನಾ ಕಂಡೋರ ಕೊಳೆ ಒಗೀತೀನಿ ಅಕ್ಕ. ಯಾರು ವಾಂತಿ ಮಾಡಿದ್ದು, ಯಾರ ರಕ್ತ ಅಂತ ಒಂದಿನ ಕೇಳಿದೀನಾ? ಅದೆಲ್ಲ ಒಗೆದ್ರೆ ಹೋಗುತ್ತೆ, ನನ್ನ ಮಗಳದ್ದು ಮಾತ್ರ ಕಸದ ಬುಟ್ಟಿಗೇ ಹೋಗ್ಬೇಕಾ?"

ಅವಳನ್ನು ಮೇಡಂ ಹತ್ತಿರ ಕಳಿಸಿದೆ. ಮೇಡಂ ಅಂದರೆ ಮಕ್ಕಳ ಕೋಣೆಯ ಮೇಲ್ವಿಚಾರಕಿ. ತಿಂಗಳಿಗೊಮ್ಮೆ ಬಂದು, ಬಾಗಿಲಲ್ಲೇ ನಿಂತು, ಮೂಗಿಗೆ ಕರ್ಚೀಫು ಹಿಡಿದು ಮಕ್ಕಳನ್ನು ಪ್ರೀತಿಸುವವರು. ಅಲ್ಲಿ ಏನು ವಾದ ಮಾಡಿದಳೋ ಕಾಣೆ, ಗೆದ್ದೇ ಬಂದಳು. ಆದರೆ ಒಂದು ಷರತ್ತು: ಆಯಾಳಿಂದ ಒಂದು ದೂರು ಬಂದರೂ ಸಾಕು, ಡೈಪರ್ ತರಬೇಕು, ಇಲ್ಲವೇ ಮಗುವನ್ನು ಬಿಡಿಸಿಕೊಳ್ಳಬೇಕು. ಮಗು ಹೊರಗೆ ಬಿದ್ದರೆ ತಾಯಿಯ ಕೆಲಸವೂ ಹೋದಂತೆಯೇ. ಗಂಡ ಲಿಫ್ಟ್ ರಿಪೇರಿಯವನು, ಹಗಲೆಲ್ಲ ಊರು ಸುತ್ತುವವನು. ಅತ್ತೆಗೆ ಎರಡೂ ಮೊಣಕಾಲು ಕೈಕೊಟ್ಟಿದ್ದವು, ತೆವಳುವ ಮಗುವಿನ ಹಿಂದೆ ಏಳಲಾರರು, ಕೂರಲಾರರು. ಬೇರೆ ಯಾರೂ ಇಲ್ಲ.

ಮೊದಲ ದಿನ ಹೇಗೋ ದಾಟಿತು. ಎರಡನೆಯ ದಿನದಿಂದ ಸೋರತೊಡಗಿತು ನೋಡಿ! ಚಾಪೆ ಒದ್ದೆ, ಪಕ್ಕದ ಮಗುವಿನ ಹೊದಿಕೆ ಒದ್ದೆ, ನನ್ನ ಮಡಿಲು ಒದ್ದೆ. ಹಾಕಿ ಅರ್ಧ ಗಂಟೆಯಾಗಿರುವುದಿಲ್ಲ, ತೊಡೆಯ ಸಂದಿಯಿಂದ ಧಾರೆ. ಹೇಳಿದರೆ ಮೊಂಡಿ ಇನ್ನೂ ಎರಡು ಪದರ ಸೇರಿಸಿ ಹೊಲಿದು ತಂದಳು. ಮಗು ಕಾಲು ಅಗಲಿಸಿಕೊಂಡು ಕುಸ್ತಿ ಪೈಲ್ವಾನನ ಹಾಗೆ ಕೂತಿತ್ತು, ಆದರೂ ಸೋರುವುದು ಸೋರಿತು. ಒಂದು ಬುಧವಾರ ನಾಲ್ಕನೆಯ ಸಲ ಏಪ್ರನ್ ಬದಲಿಸಿದವಳೇ ನೇರ ಮೇಡಂ ಹತ್ತಿರ ಹೋಗಿ ಬಾಯಿಗೆ ಬಂದಂತೆ ಹೇಳಿಬಂದೆ. ಸುಳ್ಳೇನೂ ಹೇಳಲಿಲ್ಲ. ಆದರೂ ಮೇಡಂ ಮುಖ ಅರಳಿದ್ದು ನನಗೆ ಹಿಡಿಸಲಿಲ್ಲ. ಅವತ್ತೇ ಮೊಂಡಿಯನ್ನು ಕರೆಸಿ ಸೋಮವಾರದವರೆಗೆ ಗಡುವು ಕೊಟ್ಟರು.

ಸಂಜೆ ಮಗುವನ್ನು ಎತ್ತಿಕೊಳ್ಳಲು ಬಂದವಳು ಜಗಳವಾಡುತ್ತಾಳೆ ಅಂದುಕೊಂಡು ನಾನೂ ಸೊಂಟ ಕಟ್ಟಿ ನಿಂತಿದ್ದೆ. ಅವಳು ಒದ್ದೆ ಚೀಲ ಹೆಗಲಿಗೇರಿಸಿಕೊಂಡು ಹೋದಳು. ಅದಕ್ಕಿಂತ ಜಗಳವಾಡಿದ್ದರೇ ಚೆನ್ನಾಗಿತ್ತು.

ಶುಕ್ರವಾರ ಮಧ್ಯಾಹ್ನ ಒಂದು ಮಗು ಲೋಟ ಉರುಳಿಸಿ ನೀರು ಚೆಲ್ಲಿತು. ಕೈಗೆ ಒರೆಸುವ ಬಟ್ಟೆ ಸಿಗದೆ ಮೊಂಡಿಯ ಚೀಲದಿಂದ ಒಗೆದ ನ್ಯಾಪಿಯೊಂದನ್ನು ಎಳೆದು ಒರೆಸಿದೆ. ನೀರು ಹೋಗಲಿಲ್ಲ. ಬಟ್ಟೆ ನೀರನ್ನು ಅತ್ತಿಂದಿತ್ತ ತಳ್ಳಿತೇ ಹೊರತು ಕುಡಿಯಲಿಲ್ಲ. ನ್ಯಾಪಿಯನ್ನು ಬಿಡಿಸಿ ಒಳಗಿನ ಟವೆಲ್ ಬಟ್ಟೆಯ ಮೇಲೆ ನಾಲ್ಕು ಹನಿ ಹಾಕಿದೆ. ಎಣ್ಣೆ ಸವರಿದ ತಟ್ಟೆಯ ಮೇಲೆ ನಿಂತಂತೆ ಹನಿಗಳು ಗುಂಡಗೆ ನಿಂತವು.

ನಾನು ಸುಮ್ಮನಿರಬಹುದಿತ್ತು. ಸೋಮವಾರ ಬಂದರೆ ನನ್ನ ಪೀಡೆ ತೊಲಗುತ್ತಿತ್ತು. ಆದರೆ ಅಷ್ಟು ಹಟ ಹಿಡಿದವಳು ತನ್ನದೇನು ತಪ್ಪೆಂದು ತಿಳಿಯದೆ ಸೋಲುವುದನ್ನು ನನಗೆ ಸಹಿಸಲಾಗಲಿಲ್ಲ. ಸಂಜೆ ನ್ಯಾಪಿ ಹಿಡಿದುಕೊಂಡು ಅವಳ ಜೊತೆಗೇ ಅವಳ ಮನೆಗೆ ಹೋದೆ.

ನಾಲ್ಕನೇ ಮಹಡಿ. ಅಡುಗೆಮನೆಗೂ ಮಲಗುವ ಕೋಣೆಗೂ ನಡುವೆ ಒಂದು ಪರದೆ. ಬಾಲ್ಕನಿ ತುಂಬ ಹಗ್ಗ, ಹಗ್ಗದ ತುಂಬ ನ್ಯಾಪಿ. ಅತ್ತೆ ಕುರ್ಚಿಯಲ್ಲಿ ಕೂತು ಕಾಲನ್ನು ಸ್ಟೂಲಿನ ಮೇಲೆ ಚಾಚಿದ್ದರು. ನಾನು ಮೇಜಿನ ಮೇಲೆ ನ್ಯಾಪಿ ಹರಡಿ ನೀರು ಚಿಮುಕಿಸಿದೆ. ಮೊಂಡಿ ಬಗ್ಗಿ ನೋಡಿದಳು, ಬಟ್ಟೆಯನ್ನು ಮೂಸಿದಳು, ಮುಖ ಬಿಳಿಚಿಕೊಂಡಿತು.

"ಸಾಫ್ಟನರ್ ಜಿಡ್ಡು" ಎಂದಳು. "ಟವೆಲ್ಲಿಗೆ ಹಾಕೋ ಹಾಗೇ ಹಾಕ್ದೆ ಅಕ್ಕ. ಮಗು ಮೈಗಲ್ವಾ ಅಂತ ಒಂದು ಮುಚ್ಚಳ ಜಾಸ್ತೀನೇ ಹಾಕ್ದೆ."

ಹತ್ತು ವರ್ಷದ ಕೈಚಳಕವೇ ಅವಳಿಗೆ ಮುಳುವಾಗಿತ್ತು. ಬೇರೆ ಯಾವ ತಾಯಿಯಾಗಿದ್ದರೂ ಒಂದಿಷ್ಟು ಸೋಪು ಹಾಕಿ ಒಗೆದು ಸುಮ್ಮನಾಗುತ್ತಿದ್ದಳು, ನ್ಯಾಪಿಯೂ ತನ್ನ ಪಾಡಿಗೆ ನೀರು ಕುಡಿಯುತ್ತಿತ್ತು. ನನಗೆ ನಗು ಬಂತು. ನಾನು ನಗುವ ಮೊದಲೇ ಅತ್ತೆ ನಕ್ಕುಬಿಟ್ಟರು.

"ನಂಗೆ ಮೊದಲ್ನೇ ದಿನಾನೇ ಗೊತ್ತಿತ್ತು" ಅಂದರು.

ಮೊಂಡಿ ತಿರುಗಿದಳು. "ಗೊತ್ತಿತ್ತಾ? ಮತ್ತೆ ಯಾಕೆ ಹೇಳ್ಲಿಲ್ಲ ಅತ್ತೆ? ನನ್ನ ಕೆಲಸ ಹೋಗ್ತಿತ್ತು!"

"ಕೆಲಸದ ವಿಷ್ಯ ನೀನು ಹೇಳಿದ್ದು ಮೊನ್ನೆ. ಡೈಪರ್ ತಗೊಂಡು ಸುಮ್ನಾಗ್ತೀಯ ಅನ್ಕೊಂಡೆ." ಅತ್ತೆಯ ನಗು ಆರಿತ್ತು. "ನಾಲ್ಕು ಮಕ್ಕಳದ್ದು ಒಗೆದೋಳು ಕಣೇ ನಾನು. ನಿನ್ನ ಗಂಡ ಒಬ್ಬನೇ ದಿನಕ್ಕೆ ಹದಿನೈದು ನೆನೆಸ್ತಿದ್ದ. ಮಳೆ ಹಿಡಿದ್ರೆ ಒಂದೊಂದೇ ಒಲೆ ಮುಂದೆ ಹಿಡ್ಕೊಂಡು ಒಣಗಿಸ್ತಿದ್ದೆ. ಡೈಪರ್ ಅಂತ ಒಂದು ಬಂತಲ್ಲ, ಹೆಂಗಸರ ಬೆನ್ನು ಉಳೀತು ಅಂತ ಎಷ್ಟು ಖುಷಿಪಟ್ಟಿದ್ದೆ. ನೀನು ನೋಡಿದ್ರೆ ಮತ್ತೆ ಆ ಬಕೆಟ್ ತಂದಿಟ್ಟೆ."

"ನಿಮ್ಮ ಕೈಲಿ ಒಂದೂ ಒಗೆಸಲ್ಲ ಅಂದಿದ್ನಲ್ಲ?"

"ನನ್ನ ಬೆನ್ನಿನ ಮಾತಲ್ಲ, ನಿನ್ನ ಬೆನ್ನಿನ ಮಾತು. ಹಗಲೆಲ್ಲ ಅಲ್ಲಿ ಒಗೀತೀಯ, ಬಂದು ಇಲ್ಲೂ ಒಗೀತೀಯ. ಎಷ್ಟು ದಿನಾಂತ?"

ಅದೇ ಹೊತ್ತಿಗೆ ಗಂಡ ಬಂದ. ಚಪ್ಪಲಿ ಬಿಡುತ್ತಿದ್ದವನ ಮುಂದೆ ಅವಳು ಬಕೆಟ್ ಇಟ್ಟಳು. "ನೀವು ಮಗುವಾಗಿದ್ದಾಗ ನಿಮ್ಮದು ಅತ್ತೆ ಒಗೆದಾಯ್ತು. ಇನ್ಮೇಲೆ ನಿಮ್ಮ ಮಗಳದ್ದು ಒಂದು ದಿನ ನಾನು, ಒಂದು ದಿನ ನೀವು. ಇವತ್ತಿಂದ್ಲೇ."

ಅವನು ಬಕೆಟ್ ನೋಡಿದ, ಹೆಂಡತಿಯನ್ನು ನೋಡಿದ, ಕಡೆಗೆ ದಿಕ್ಕು ತೋಚದೆ ಅಮ್ಮನನ್ನು ನೋಡಿದ.

"ನನ್ನ ಮುಖ ಏನೋ ನೋಡ್ತೀಯ? ತೋಳು ಮೇಲೆ ಮಾಡ್ಕೋ" ಅಂದರು ಅತ್ತೆ. ಆಮೇಲೆ ಕೂತಲ್ಲಿಂದಲೇ ಹೇಳಿಕೊಟ್ಟರು: ಚೆನ್ನಾಗಿ ಬಿಸಿಯಿರುವ ನೀರು, ಹಿಡಿತದಲ್ಲಿ ಸೋಪು, ನೊರೆ ಪೂರ್ತಿ ಹೋಗುವ ತನಕ ಜಾಲಿಸುವುದು, ಕೊನೆಯ ನೀರಿಗೆ ಏನೆಂದರೆ ಏನೂ ಇಲ್ಲ. ಹತ್ತಿದ ಸಾಫ್ಟನರ್ ಬಿಡಬೇಕಾದರೆ ಐದಾರು ಸಲವಾದರೂ ಹೀಗೆ ಒಗೆಯಬೇಕು. ಒಣಗಿದ ಮೇಲೆ ಒರಟಾಗುತ್ತದೆ, ಕೈಯಲ್ಲಿ ಉಜ್ಜಿದರೆ ಸರಿಹೋಗುತ್ತದೆ. ನಾನು ಹೊರಟಾಗ ಅವನು ಬಚ್ಚಲಲ್ಲಿ ಮೊಣಕೈವರೆಗೆ ನೊರೆ ಮಾಡಿಕೊಂಡು ಕೂತಿದ್ದ.

ಸೋಮವಾರ ನಾನು ಹೋಗುವಷ್ಟರಲ್ಲಿ ಮೇಡಂ ಬಂದು ಕೋಣೆಯೊಳಗೇ ನಿಂತಿದ್ದರು. ಕೈಯಲ್ಲಿ ಟೈಪ್ ಮಾಡಿದ ಕಾಗದ. ಮೊಂಡಿ ಮಗುವನ್ನೆತ್ತಿಕೊಂಡು ಎದುರಿಗೆ ನಿಂತಿದ್ದಳು.

"ಡೈಪರ್ ತಂದಿಲ್ಲ ಮೇಡಂ. ತರೋದೂ ಇಲ್ಲ. ತಪ್ಪು ನಂದೇ ಇತ್ತು, ಸರಿ ಮಾಡ್ಕೊಂಡು ಬಂದಿದೀನಿ. ಇವತ್ತೊಂದಿನ ನೋಡಿ."

"ನೋಡೋದೇನಿಲ್ಲ" ಎಂದು ಮೇಡಂ ಕಾಗದ ನನ್ನ ಕಡೆ ಚಾಚಿದರು. "ಆಯಮ್ಮ, ಇಲ್ಲೊಂದು ಸಹಿ ಹಾಕಿ. ನಿಮ್ಮದೇ ದೂರು ತಾನೆ."

ಓದಿದೆ. ಬಟ್ಟೆ ನ್ಯಾಪಿಯಿಂದ ಆಯಾಳ ಕೆಲಸಕ್ಕೆ ತುಂಬ ತೊಂದರೆಯಾಗುತ್ತಿದ್ದು, ಆಯಾಳ ಆರೋಗ್ಯದ ದೃಷ್ಟಿಯಿಂದ ಈ ಮಗುವನ್ನು ಮುಂದುವರಿಸಲು ಸಾಧ್ಯವಿಲ್ಲ ಎಂದಿತ್ತು. ಇನ್ನೊಮ್ಮೆ ಓದಿದೆ. ಆಯಾಳ ಆರೋಗ್ಯ! ಹತ್ತೊಂಬತ್ತು ವರ್ಷದಿಂದ ಈ ಕೋಣೆಯಲ್ಲಿದ್ದೇನೆ. ಬಿಸಿನೀರಿನ ನಲ್ಲಿ ಕೆಟ್ಟು ಎರಡು ಚಳಿಗಾಲ ಕಳೆದಿತ್ತು. ಅಡುಗೆಮನೆಯಿಂದ ಬಕೆಟ್ಟಿನಲ್ಲಿ ಹೊತ್ತು ತಂದು ಮಕ್ಕಳ ಕುಂಡೆ ತೊಳೆದವಳು ನಾನು. ಇನ್ನೊಬ್ಬ ಆಯಾ ಕೊಡಿ ಎಂದು ಕೇಳಿ ಕೇಳಿ ನಾಲಿಗೆ ಸವೆದಿತ್ತು. ಆಗೆಲ್ಲ ಯಾರಿಗೂ ಕಾಣದ ನನ್ನ ತೊಂದರೆಗೆ ಇವತ್ತು ಟೈಪ್ ಮಾಡಿದ ಕಾಗದ ಹುಟ್ಟಿತ್ತು. ಒಂದು ಮಗುವನ್ನು ಓಡಿಸುವುದಕ್ಕೆ.

ಭಯವಾಗಲಿಲ್ಲ ಎಂದರೆ ಸುಳ್ಳಾದೀತು. ಮೇಡಂ ಮನಸ್ಸು ಮಾಡಿದರೆ ನಾಳೆಯೇ ನನ್ನನ್ನು ಮೆಟ್ಟಿಲು ಒರೆಸಲು ಹಾಕಬಹುದಿತ್ತು. ಆದರೆ ಸಿಟ್ಟು ಭಯಕ್ಕಿಂತ ದೊಡ್ಡದಿತ್ತು.

"ಸಹಿ ಹಾಕಲ್ಲ ಮೇಡಂ" ಎಂದೆ.

"ದೂರು ಕೊಟ್ಟಿದ್ದು ನೀವೇ ಅಲ್ವಾ?"

"ನಾನೇ. ಅವತ್ತು ಸೋರ್ತಿತ್ತು, ಹೇಳ್ದೆ. ಇವಳ್ನ ಓಡಿಸಿ ಅಂತ ಹೇಳ್ಲಿಲ್ಲ. ನನ್ನ ತೊಂದರೆ ಬಗ್ಗೆ ಬರೀಬೇಕು ಅನ್ಸಿದ್ರೆ ಪೂರ್ತಿ ಬರೀರಿ. ಹನ್ನೊಂದು ಮಕ್ಕಳಿಗೆ ಒಬ್ಬಳೇ ಅಂತ ಬರೀರಿ. ಬಿಸಿನೀರು ಬರಲ್ಲ ಅಂತ ಬರೀರಿ. ಅದಕ್ಕೆ ಬೇಕಾದ್ರೆ ಹತ್ತು ಸಹಿ ಹಾಕ್ತೀನಿ."

"ಮತ್ತೆ ಸೋರಿದ್ರೆ?"

"ಒರೆಸ್ತೀನಿ. ಇಲ್ಲಿ ಒರೆಸೋದು ನಾನು ತಾನೆ? ನೀವಂತೂ ಅಲ್ಲ."

ಕೊನೆಯ ಮಾತು ನನ್ನ ಬಾಯಿಂದ ಹೇಗೆ ಬಂತೋ ನನಗೇ ಗೊತ್ತಿಲ್ಲ. ಮೇಡಂ ಮುಖ ಕೆಂಪಗಾಯಿತು. "ಬಾಯಲ್ಲಿ ಹೇಳೋದಲ್ಲ. ಅದೇನು ತೊಂದರೆ ಇದೆಯೋ ಎಲ್ಲ ಬರೆದು ಕೊಡಿ, ನೋಡೋಣ" ಎಂದು ಕಾಗದ ಕಿತ್ತುಕೊಂಡು ಹೋದರು. ಬರೆಯುವ ಧೈರ್ಯ ನನಗಿಲ್ಲ ಎಂದು ಅವರ ಎಣಿಕೆ.

ಮೊಂಡಿಯ ಕಣ್ಣು ತುಂಬಿತ್ತು. ಗಡುವು ಕೊಟ್ಟಾಗ ಅಳದವಳು ಈಗ ಅಳುತ್ತಿದ್ದಳು. "ಅಳೋದಾದ್ರೆ ಕೆಳಗೆ ಹೋಗಿ ಅಳು. ನಂಗೆ ಇಲ್ಲಿ ಅಳೋಕೆ ಹನ್ನೊಂದು ಜನ ಇದಾರೆ" ಎಂದು ಬೈದು ಮಗುವನ್ನು ಎಳೆದುಕೊಂಡೆ.

ಹನ್ನೊಂದು ಗಂಟೆಗೆ ನ್ಯಾಪಿ ಬಿಚ್ಚಿದೆ. ಮೂರೇ ಪದರ. ನೆನೆದು ಭಾರವಾಗಿತ್ತು. ಮಗುವಿನ ಚಡ್ಡಿ ಒಣಗಿತ್ತು, ಚಾಪೆ ಒಣಗಿತ್ತು.

ಮಧ್ಯಾಹ್ನ ಮಕ್ಕಳು ಮಲಗಿದ ಮೇಲೆ ಒಂದು ಹಾಳೆ ತೆಗೆದುಕೊಂಡು ಕೂತೆ. ಪೆನ್ನು ಹಿಡಿದು ಎಷ್ಟೋ ವರ್ಷವಾಗಿತ್ತು, ಅಕ್ಷರ ಸೊಟ್ಟಗೆ ಬರುತ್ತಿದ್ದವು. ಊಟದ ಬಿಡುವಿನಲ್ಲಿ ಮೇಲೆ ಬಂದ ಮೊಂಡಿ ನನ್ನ ಹೆಗಲ ಮೇಲಿಂದ ಬಗ್ಗಿ ಓದಿದಳು.

"'ದಯವಿಟ್ಟು' ಅಂತ ಮೂರು ಸಲ ಯಾಕೆ ಬರೆದಿದೀರಿ ಅಕ್ಕ? ಒಂದು ಸಾಕು."

ಎರಡನ್ನು ಹೊಡೆದುಹಾಕಿದೆ. ಹಾಳೆ ತುಂಬಿತು, ಹಿಂಬದಿಯೂ ತುಂಬಿತು. ಕೆಳಗೆ ಸಹಿ ಹಾಕಿದೆ. ಅವಳು ಪೆನ್ನು ಇಸಿದುಕೊಂಡು ನನ್ನ ಸಹಿಯ ಪಕ್ಕದಲ್ಲಿ ತನ್ನದನ್ನೂ ಹಾಕಿ, ಉಳಿದ ತಾಯಂದಿರ ಸಹಿ ತರುತ್ತೇನೆಂದು ಹಾಳೆ ಎತ್ತಿಕೊಂಡು ಕೆಳಗಿಳಿದಳು.