ನಾನು ಬಿಡಿಸಿದ ಬೆಸುಗೆ

ನಿನ್ನ ಬೆಸುಗೆ ತಾನಾಗಿ ಬಿಡಲಿಲ್ಲ, ಸಿದ್ದರಾಜು. ನಾನು ಬಿಡಿಸಿದೆ — ಸ್ಕ್ರೂಡ್ರೈವರಿನ ತುದಿಯಿಂದ, ಹಾಡುಹಗಲಲ್ಲಿ, ನೀನು ಊಟಕ್ಕೆ ಹೋಗಿದ್ದಾಗ.

ನಂಜನಗೂಡಿನ ಆ ಗ್ಯಾರೇಜಿಗೆ ನೀನು ಮೂಗೂರಿನಿಂದ ಬಂದಾಗ ನಾನು ಅಲ್ಲಿಯ ಹಳಬ. ಬೆಸುಗೆ ಹಾಕುವುದನ್ನು ನಿನಗೆ ಕಲಿಸಿದವನೂ ನಾನೇ. ಆದರೆ ನನ್ನ ಕೈ ಒರಟು. ನಿನ್ನದು — ಅದನ್ನು ಹೇಳಲು ಈಗಲೂ ನಾಲಿಗೆ ಏಳುವುದಿಲ್ಲ.

ಚಿಕ್ಕಯ್ಯನಛತ್ರದ ಮೇಷ್ಟ್ರ ಕಾರು ನಿನಗೆ ನೆನಪಿರಲೇಬೇಕು. ಎಂಜಿನ್ ಕಾದೊಡನೆ ನಿಂತುಬಿಡುತ್ತಿತ್ತು. ನಾನು ಪಂಪು ಬದಲಿಸಿದೆ, ವೈರು ಬದಲಿಸಿದೆ; ಮತ್ತೆ ನಿಂತಿತು. ನೀನು ಎಂಜಿನ್ನಿಗೆ ಹೋಗುವ ಗಾಳಿಯನ್ನು ಅಳೆಯುವ ಸೆನ್ಸಾರಿನ ಮುಚ್ಚಳ ತೆಗೆದು, ಬೆಸುಗೆಯಲ್ಲಿ ಕೂದಲೆಳೆಯಂಥ ಬಿರುಕು ಹುಡುಕಿದೆ. ಹೊಸದಾಗಿ ಬೆಸೆದು, ನೋಡಲೆಂದು ನನ್ನ ಕೈಗೇ ಕೊಟ್ಟೆ. ನಾನು ನೋಡಿದೆ. ನೀರಹನಿಯ ಹಾಗೆ ನುಣ್ಣಗೆ ಹೊಳೆಯುತ್ತಿತ್ತು.

ಕಾರು ಓಡಿತು. ಗ್ಯಾರೇಜಿನ ಸಾವುಕಾರರು ನನಗೆ ಹೇಳಿದರು: "ಇನ್ಮೇಲೆ ಸೆನ್ಸಾರ್ ಕೆಲ್ಸ ಸಿದ್ದರಾಜು ನೋಡ್ಕೊಳ್ಲಿ. ನೀನು ಟೈರು, ಬ್ರೇಕು ನೋಡ್ಕೊ." ಅದನ್ನಾದರೂ ನುಂಗಿಕೊಂಡಿದ್ದೆ. ಆದರೆ ವರ್ಷಗಳಿಂದ ನನ್ನನ್ನೇ ಕೇಳಿಕೊಂಡು ಬರುತ್ತಿದ್ದ ಮೇಷ್ಟ್ರು ಫೋನು ಮಾಡಿ, "ಸಿದ್ದರಾಜು ಇದ್ದಾನಾ? ಅವನಿಗೇ ಕೊಡಪ್ಪ" ಎಂದರಲ್ಲ — ಅವತ್ತು ನೀನು ಊಟಕ್ಕೆ ಹೋದೊಡನೆ ಸ್ಕ್ರೂಡ್ರೈವರ್ ಕೈಗೆತ್ತಿಕೊಂಡೆ.

ಸಂಜೆ ಸಾವುಕಾರರೇ ಓಡಿಸಿ ನೋಡುವುದೆಂದಿತ್ತು. ಅವರ ಕೈಯಲ್ಲಿ ಕಾರು ನಿಲ್ಲಲಿ, ನಿನ್ನ ಮುಖ ಸಣ್ಣಗಾಗಲಿ — ನನಗೆ ಬೇಕಿದ್ದದ್ದು ಅಷ್ಟೇ. ಆದರೆ ಮೇಷ್ಟ್ರು ಮಧ್ಯಾಹ್ನವೇ ಬಂದರು. ಬೀಗದಕೈ ಕೇಳಿದರು. ಕೊಡಬೇಡ, ಕೊಡಬೇಡ ಎಂದು ಒಳಗಿನಿಂದ ಯಾರೋ — ಕೊಟ್ಟೆ.

ನರಸೀಪುರದ ರಸ್ತೆಯ ತಿರುವಿನಲ್ಲಿ ಎಂಜಿನ್ ನಿಂತಿತು. ಹಿಂದಿದ್ದ ಬಸ್ಸು ಬಂದು ಗುದ್ದಿತು. ಮೇಷ್ಟ್ರ ಬಲಗೈ ಮುರಿಯಿತು. ಕೂಡಿಕೊಂಡ ಮೇಲೂ ಆ ಕೈಯಲ್ಲಿ ಅವರಿಗೆ ಸರಿಯಾಗಿ ತುತ್ತೆತ್ತಲು ಆಗಲಿಲ್ಲ.

ಬೆಸುಗೆ ಬಿಟ್ಟದ್ದು ನಿನ್ನ ತಪ್ಪೆಂದು ಸಾವುಕಾರರು ನಿನ್ನನ್ನು ಎಲ್ಲರೆದುರು ನಿಲ್ಲಿಸಿದರು. ನೀನು ನನ್ನ ಕಡೆ ತಿರುಗಿ, "ಅಣ್ಣ, ನೀನೇ ನೋಡಿದ್ದಲ್ಲ. ಬೆಸ್ಗೆ ಸರ್ಯಾಗಿತ್ತು ಅಂತ ಏಳಣ್ಣ" ಎಂದೆ.

"ನಾನ್ ನೋಡ್ನಿಲ್ಲ ಕಣ್ಲಾ."

ನೀನು ನಿನ್ನ ಕೈಗಳನ್ನೇ ನೋಡಿಕೊಂಡೆ — ಅವೇ ನಿನಗೆ ಮೋಸ ಮಾಡಿದವೇನೋ ಎಂಬಂತೆ. ಮಾರನೆಯ ದಿನದಿಂದ ಕೆಲಸಕ್ಕೆ ಬರಲಿಲ್ಲ.

ಇಷ್ಟು ವರ್ಷಗಳಾದ ಮೇಲೆ, ಹೋದ ವಾರ ಮೇಷ್ಟ್ರ ಮನೆಗೆ ಹೋಗಿ ಎಲ್ಲವನ್ನೂ ಹೇಳಿದೆ. ಅವರು "ಅವನ ಮೇಲೆ ಅನುಮಾನಪಟ್ಟೆನಲ್ಲ" ಎಂದಷ್ಟೇ ಅಂದರು. ಅಲ್ಲಿಂದ ನೇರವಾಗಿ ನೀನಿರುವ ನರಸೀಪುರಕ್ಕೆ ಬಂದೆ. ಬಸ್ ಸ್ಟ್ಯಾಂಡಿನ ಬಳಿ ನೀನು ಈಗ ಓಡಿಸುವ ಲಗೇಜ್ ಆಟೋ ನಿಂತಿತ್ತು. ನಾಲ್ಕು ಜನ ಸುತ್ತ ನಿಂತು ನಗುತ್ತಿದ್ದರು, "ಸಿದ್ದಣ್ಣ, ಸಿದ್ದಣ್ಣ" ಎನ್ನುತ್ತಿದ್ದರು. ಹತ್ತಿರ ಬರಬೇಕೆಂದಿದ್ದ ಕಾಲು ಅಲ್ಲೇ ನಿಂತಿತು. ನಾಚಿಕೆಯಿಂದ ಎಂದುಕೊಳ್ಳಬೇಡ. ಬೇರೆ ಕೆಲಸದಲ್ಲೂ ನಿನಗೆ ಜನ ಸೇರಿದ್ದಾರಲ್ಲ ಎಂದು, ಈ ವಯಸ್ಸಿನಲ್ಲೂ, ಹೊಟ್ಟೆ ಉರಿಯಿತು. ಮಾತಾಡದೆ ಹಿಂದಿರುಗಿದೆ.

ನಾಳೆ ಮತ್ತೆ ಬರುತ್ತೇನೆ. ಆ ನಾಲ್ಕು ಜನ ಅಲ್ಲಿರುವಾಗಲೇ ಹೇಳುತ್ತೇನೆ.