ಮೂವತ್ತೆಂಟರ ಕಂದು ಪ್ಯಾಂಟು

ಟೈಲರಮ್ಮನಿಗೆ ಆ ಬೀದಿಯ ಜನರ ಮುಖಕ್ಕಿಂತ ಸೊಂಟ ಚೆನ್ನಾಗಿ ಗೊತ್ತಿತ್ತು. ಯಾರದು ಮೂವತ್ತು, ಯಾರದು ನಲವತ್ತೆರಡು, ಯಾರು ಟೇಪು ಕಂಡ ಕೂಡಲೇ ಉಸಿರು ಕಟ್ಟಿ ಹೊಟ್ಟೆ ಒಳಗೆಳೆದುಕೊಳ್ಳುತ್ತಾರೆ, ಎಲ್ಲ ಗೊತ್ತು. "ಉಸಿರು ಬಿಡಿ ಸ್ವಾಮಿ, ಪ್ಯಾಂಟು ಹಾಕ್ಕೊಂಡ ಮೇಲೆ ಬಿಡ್ಲೇಬೇಕಲ್ಲ" ಎಂದು ಮುಖಕ್ಕೆ ಹೊಡೆದ ಹಾಗೆ ಹೇಳುವಳು. ಇಪ್ಪತ್ತೆರಡು ವರ್ಷದಿಂದ ಅದೇ ಅಂಗಡಿ. ಎರಡು ಮಿಷನ್ನು, ಬಟ್ಟೆ ಕತ್ತರಿಸುವ ಒಂದು ಮೇಜು, ಪರದೆ ಕಟ್ಟಿದ ಒಂದು ಮೂಲೆ, ಮೇಜಿನ ಖಾನೆಯಲ್ಲಿ ಉದ್ದನೆಯ ಅಳತೆ ಪುಸ್ತಕ. ಒಬ್ಬೊಬ್ಬರಿಗೆ ಒಂದೊಂದು ಪುಟ.

ಅವಳದೊಂದು ಪದ್ಧತಿ ಇತ್ತು. ಯಾರು ಎಷ್ಟೇ ತೆಳ್ಳಗಾಗಲಿ, ಸೊಂಟ ಹಿಡಿಯುವಾಗ ಹೆಚ್ಚಾದ ಬಟ್ಟೆಗೆ ಕತ್ತರಿ ಹಾಕುತ್ತಿರಲಿಲ್ಲ. ಒಳಗೆ ಮಡಚಿ ಹೊಲಿಯುತ್ತಿದ್ದಳು. "ಇವತ್ತು ಹಿಡಿದಿದ್ದನ್ನ ನಾಳೆ ಬಿಡ್ಬೇಕಾಗುತ್ತೆ. ಕತ್ತರಿಸಿದ್ರೆ ಎಲ್ಲಿಂದ ತರ್ಲಿ?" ಎನ್ನುವಳು. ಬಟ್ಟೆಯ ವಿಷಯದಲ್ಲಿ ಹಿಡಿಯುವುದೂ ಬರುತ್ತಿತ್ತು, ಬಿಡುವುದೂ ಬರುತ್ತಿತ್ತು. ಹಗೆಯ ವಿಷಯದಲ್ಲಿ ಮಾತ್ರ ಬಿಡುವ ವಿದ್ಯೆ ಅವಳು ಕಲಿತೇ ಇರಲಿಲ್ಲ.

ಹಗೆ ಇದ್ದದ್ದು ಪುಡಿ ಗುರುವಿನ ಮೇಲೆ. ಈ ಮಹಾನುಭಾವ ಮೊದಲು ಕಿಟಕಿ ಪರದೆ ಮಾರುತ್ತಿದ್ದವನು. ಅದು ಓಡಲಿಲ್ಲ. ಒಂದು ದಿನ ಇದ್ದಕ್ಕಿದ್ದ ಹಾಗೆ ಗುರುವಾದ. ಸಮುದಾಯ ಭವನದಲ್ಲಿ ಪ್ರತಿ ತಿಂಗಳ ಮೊದಲ ಭಾನುವಾರ 'ಕುಟುಂಬ ಆರೋಗ್ಯ ಸಭೆ' ನಡೆಸಿ, ಮೈಕು ಹಿಡಿದು, ಡಬ್ಬಿ ಡಬ್ಬಿ ಪುಡಿ ಮಾರತೊಡಗಿದ. ಅದೇ ಭವನದ ಬಾಗಿಲ ಬಳಿ ಸರ್ಕಾರಿ ದವಾಖಾನೆಯ ನರ್ಸಮ್ಮ ಒಂದು ಸಣ್ಣ ಮೇಜು ಹಾಕಿಕೊಂಡು ಕೂರುತ್ತಿದ್ದರು. ಬಿಪಿ ಪಟ್ಟಿ, ಬೆರಳು ಚುಚ್ಚಿ ಸಕ್ಕರೆ ನೋಡುವ ಪುಟ್ಟ ಯಂತ್ರ, ಎಲ್ಲ ಬಿಟ್ಟಿ. ದಿನಾ ಅರ್ಧ ಗಂಟೆ ನಡೀರಿ, ಮೂರು ತಿಂಗಳಿಗೊಮ್ಮೆ ರಕ್ತ ತೋರಿಸಿ, ಅಂಗಾಲು ನೋಡ್ಕೊಳ್ಳಿ, ಕೇಳದೆ ಮಾತ್ರೆ ನಿಲ್ಲಿಸಬೇಡಿ ಎಂದು ಆಕೆ ಹೇಳಿದ್ದನ್ನೇ ಹೇಳುತ್ತಿದ್ದರು. ಹೇಳಿದ್ದನ್ನೇ ಹೇಳುವವರ ಮಾತು ಯಾರಿಗೆ ಬೇಕು? ಮಂದಿಯೆಲ್ಲ ಆಕೆಯ ಮೇಜು ದಾಟಿಕೊಂಡು ಮೈಕಿನ ಕಡೆಗೇ ಹೋಗುತ್ತಿತ್ತು.

ಹಾಗೆ ದಾಟಿ ಹೋದವರಲ್ಲಿ ಟೈಲರಮ್ಮನ ಗಂಡನೂ ಒಬ್ಬ. ಬಸ್ ಡ್ರೈವರು, ಮೂವತ್ತೆಂಟರ ಸೊಂಟ. ಆರು ವರ್ಷದಿಂದ ಸಕ್ಕರೆ ಕಾಯಿಲೆ, ಮಾತ್ರೆಯಲ್ಲಿ ಹತೋಟಿಯಲ್ಲಿತ್ತು. "ಮಾತ್ರೆ ಅಂದ್ರೆ ವಿಷ ಅಣ್ಣ! ಬಿಸಾಕಿ. ನನ್ನ ಪುಡಿ ಒಂದು ಕೋರ್ಸು ತಗೊಳ್ಳಿ, ನೋಡಿ" ಎಂದ ಪುಡಿ ಗುರು. ಮೊದಲೇ ಮಾತ್ರೆ ಕಂಡರೆ ಮುಖ ಸಿಂಡರಿಸುವ ಮನುಷ್ಯ, ಹಿಂದೆಮುಂದೆ ನೋಡದೆ ಒಪ್ಪಿಕೊಂಡ. ಸೊಂಟ ಮೂವತ್ತಾರಾಯಿತು. ಟೈಲರಮ್ಮನೇ ಪ್ಯಾಂಟು ಹಿಡಿದಳು. ಮೂವತ್ತನಾಲ್ಕಾಯಿತು, ಮತ್ತೆ ಹಿಡಿದಳು. ಬಂದವರಿಗೆಲ್ಲ, "ನಮ್ಮನೆಯವರು ಹುಡುಗ ಆಗ್ಬಿಟ್ರು ಕಣ್ರೀ" ಎಂದು ಹೇಳಿಕೊಂಡು ನಕ್ಕಳು. ಟೇಪು ಸರಿಯಾಗೇ ಹೇಳುತ್ತಿತ್ತು. ಓದಿದವಳೇ ತಪ್ಪು ಓದಿದಳು. ಆಮೇಲೆ ಆ ನಗುವನ್ನು ನೆನೆದಾಗಲೆಲ್ಲ ಅವಳಿಗೆ ತನ್ನ ಕೆನ್ನೆಗೆ ತಾನೇ ಬಾರಿಸಿಕೊಳ್ಳಬೇಕೆನ್ನಿಸುತ್ತಿತ್ತು.

ಮೂವತ್ತೆರಡಕ್ಕೆ ಇಳಿದಾಗ ಪುಡಿ ಗುರು ಡ್ರೈವರನ ಹಳೆಯ ಕಂದು ಪ್ಯಾಂಟೊಂದನ್ನು, ಹಿಡಿಯದೆ ಉಳಿದಿದ್ದ ಮೂವತ್ತೆಂಟರದ್ದನ್ನು, ಕೇಳಿ ತೆಗೆದುಕೊಂಡು ಹೋದ. ವೇದಿಕೆಯ ಮೇಲೆ ಅದರ ಒಂದೇ ಕಾಲಿನೊಳಗೆ ಡ್ರೈವರನ ಎರಡೂ ಕಾಲು ತೂರಿಸಿ ನಿಲ್ಲಿಸಿ ಚಪ್ಪಾಳೆ ತಟ್ಟಿಸಿದ. ಮೂವತ್ತಕ್ಕೆ ಇಳಿದಾಗ ಬೂಟಿನೊಳಗೆ ಎದ್ದ ಮೊಳೆಯೊಂದು ಅಂಗಾಲಿಗೆ ಚುಚ್ಚಿತ್ತು. ಸಕ್ಕರೆಯಿಂದ ಜೋಮು ಹಿಡಿದ ಕಾಲು, ಅವನಿಗೆ ಅದು ತಿಳಿಯಲೇ ಇಲ್ಲ. ಕಾಲು ಕಪ್ಪಾದ ಮೇಲೆ ಆಸ್ಪತ್ರೆ, ಒಂಬತ್ತು ದಿನ, ಅಷ್ಟೇ. "ಮಾತ್ರೆ ನಿಲ್ಲಿಸು ಅಂದೋರು ಯಾರಮ್ಮ?" ಎಂದು ಡಾಕ್ಟರು ಕೇಳಿದ್ದಕ್ಕೆ ಅವಳು ಹೆಸರು ಹೇಳಿದಳು. ಅವರು ತಲೆ ಅಲ್ಲಾಡಿಸಿ ಮುಂದಿನ ಮಂಚಕ್ಕೆ ಹೋದರು.

ಪುಡಿ ಗುರು ಮನೆಗೆ ಬಂದು ಕುರ್ಚಿಯ ತುದಿಯಲ್ಲಿ ಕೂತು ಸಮಾಧಾನ ಹೇಳಿದ. ಏನೆಂದು? "ಅವರು ಕೋರ್ಸು ಪೂರ್ತಿ ಮಾಡ್ಲಿಲ್ಲ ಅಮ್ಮ. ಇನ್ನೊಂದು ತಿಂಗಳು ತಗೊಂಡಿದ್ರೆ..." ಗಾಯದ ಮೇಲೆ ಬರೆ ಎಳೆಯುವುದೆಂದರೆ ಇದು. ಮುಂದಿನ ಸಭೆಯಲ್ಲೂ ಆ ಕಂದು ಪ್ಯಾಂಟು ವೇದಿಕೆಯ ಹಿಂದೆ ಮೊಳೆಗೆ ನೇತಾಡುತ್ತಿತ್ತು. "ಒಬ್ಬ ಡ್ರೈವರಣ್ಣ, ಮೂವತ್ತೆಂಟರಿಂದ ಮೂವತ್ತೆರಡಕ್ಕೆ!" ಎಂದು ಕೂಗುತ್ತಿದ್ದ. ಆ ಡ್ರೈವರಣ್ಣ ಸತ್ತ ಎಂಬುದು ಮೈಕಿಗೆ ಬರಲಿಲ್ಲ. ಅವಳು ಹೋಗಿ ಪ್ಯಾಂಟು ಕೇಳಿದಳು. "ಇರ್ಲಿ ಬಿಡಿ ಅಮ್ಮ, ಜನಕ್ಕೆ ಸ್ಫೂರ್ತಿ" ಎಂದ. ಅವತ್ತು ದಾರಿಯುದ್ದಕ್ಕೂ ಹಲ್ಲು ಕಡಿಯುತ್ತಾ ಬಂದವಳು, "ಇವನು ನನ್ನ ಕೈಗೆ ಸಿಗದೆ ಎಲ್ಲಿಗೆ ಹೋಗ್ತಾನೆ" ಎಂದು ನಾದಿನಿಯ ಮುಂದೆ ಹೇಳಿದಳು. ನಾದಿನಿ ಸತ್ತವನ ತಂಗಿ. ಅಂಗಡಿಯ ಮೂಲೆಯಲ್ಲಿ ಕೂತು ಕಾಜಾ ಹಾಕಿ ಗುಂಡಿ ಹೊಲಿಯುವವಳು. ಅವಳೇನೂ ಅತ್ತಿಗೆಯನ್ನು ತಡೆಯುವ ಪೈಕಿಯವಳಲ್ಲ.

ವರ್ಷ ತುಂಬುವುದರೊಳಗೆ ಸಿಕ್ಕಿದ. ತಾನಾಗೇ ನಡೆದುಕೊಂಡು ಬಂದ. ಕಂಕುಳಲ್ಲಿ ನಾಲ್ಕು ಪ್ಯಾಂಟು, ಮುಖದ ತುಂಬ ನಗು.

"ಸೊಂಟ ಹಿಡೀಬೇಕಲ್ಲ ಅಮ್ಮ. ಈಗ ನಾನೂ ಪುಡಿ ತಗೋತಿದ್ದೀನಿ. ನೋಡಿ ಹೇಗೆ ಕೆಲಸ ಮಾಡ್ತಿದೆ!"

ಹೊರಗೆ ದಬ್ಬಬೇಕು ಎನ್ನಿಸಿತು. ಆದರೂ ಟೇಪು ಸುತ್ತಿದಳು. ಮೂವತ್ತಾರು. "ಮೊದ್ಲು ಎಷ್ಟಿತ್ತು?" ಎಂದಳು. "ಮೂವತ್ತೆಂಟು" ಎಂದ. ಆಮೇಲೆ ಕುಡಿಯಲು ನೀರು ಕೇಳಿ, ಒಂದು ಬಾಟಲಿ ನೀರನ್ನು ಬಾಯಿಂದ ತೆಗೆಯದೆ ಕುಡಿದು ಮುಗಿಸಿದ. ಟೈಲರಮ್ಮ ಅವನ ಅಳತೆಯನ್ನು ಗಂಡನ ಪುಟದ ಎದುರು ಪುಟದಲ್ಲೇ ಬರೆದಳು.

ಎರಡು ತಿಂಗಳಿಗೆ ಮತ್ತೆ ಬಂದ. ಮೂವತ್ತನಾಲ್ಕು. ಈ ಸಲ ಎರಡು ಬಾಟಲಿ. ಪಾದ ಕೆರೆದುಕೊಂಡ, ಗೋಡೆಯ ಗಡಿಯಾರವನ್ನು ಕಣ್ಣು ಕಿರಿದು ಮಾಡಿ ನೋಡಿ ಗಂಟೆ ತಪ್ಪು ಹೇಳಿದ. ಹೊರಡುವಾಗ ಹೊಸ ಯೋಚನೆಯೊಂದು ಹೊಳೆದು, "ಬರೋ ಸಭೆಗೆ ಟೇಪು ತಗೊಂಡು ಬನ್ನಿ ಅಮ್ಮ. ಎಲ್ಲರ ಮುಂದೆ ನೀವೇ ನನ್ನ ಸೊಂಟ ಅಳೀರಿ. ನಿಮ್ಮ ಮಾತು ಅಂದ್ರೆ ಬೀದಿಗೆಲ್ಲ ನಂಬಿಕೆ" ಎಂದ.

"ಬರ್ತೀನಿ" ಎಂದಳು.

ಅವನು ತಿರುವು ದಾಟುವವರೆಗೆ ನಾದಿನಿ ಸೂಜಿ ಎತ್ತಲಿಲ್ಲ. "ಅತ್ತಿಗೆ, ಅಣ್ಣಂಗೂ ಹೀಗೇ ಆಗಿತ್ತಲ್ವಾ?"

"ಹೂಂ. ಸಕ್ಕರೆ ಬಂದಿದೆ ಇವನಿಗೆ. ಗೊತ್ತಿಲ್ಲ ಪಾಪ."

"ಹೇಳ್ತೀರಾ?"

"ನಾನ್ಯಾಕೆ ಹೇಳ್ಲಿ? ನನ್ನ ಕೆಲಸ ಸೊಂಟ ಹಿಡಿಯೋದು. ಹಿಡೀತೀನಿ."

"ಉಪ್ಪು ತಿಂದೋನು ನೀರು ಕುಡೀಲೇಬೇಕು" ಎಂದಳು ನಾದಿನಿ, ಖಾಲಿ ಬಾಟಲಿ ಎತ್ತಿಡುತ್ತಾ. "ಕುಡೀಲಿ. ಬೇಕಾದ್ರೆ ನಾನೇ ಕೊಡಗಟ್ಟಲೆ ತುಂಬಿಸಿ ಕೊಡ್ತೀನಿ."

ಇಬ್ಬರೂ ನಕ್ಕರು. ಹೌದು, ನಕ್ಕರು, ಮುಚ್ಚಿಡುವುದೇನಿದೆ? ಟೈಲರಮ್ಮ ಎರಡೂ ಪುಟಗಳ ತಾರೀಖು ಜೋಡಿಸಿ ನೋಡಿದಳು. ಗಂಡ ಮೂವತ್ತೆರಡರಿಂದ ಮಣ್ಣಿಗೆ ಹೋಗಲು ಏಳು ವಾರ ಹಿಡಿದಿತ್ತು. ಇವನಿಗೂ ಹೆಚ್ಚು ದಿನವಿಲ್ಲ. ಅವಳು ಒಂದು ಮಾತು ಆಡಬೇಕಾಗಿಲ್ಲ, ಒಂದು ಬೆರಳು ಎತ್ತಬೇಕಾಗಿಲ್ಲ. ಸುಮ್ಮನಿದ್ದರೆ ಸಾಕು, ಮಾಡಿದ್ದುಣ್ಣೋ ಮಹಾರಾಯ. ಆ ಮಧ್ಯಾಹ್ನ ಎಷ್ಟೋ ದಿನಗಳ ಮೇಲೆ ಅವಳಿಗೆ ಚೆನ್ನಾಗಿ ಹಸಿವಾಯಿತು.

ಸಭೆಗೆ ನಾಲ್ಕು ದಿನ ಇರುವಾಗ ಒಂದು ಪ್ಯಾಂಟು ಹಿಡಿದುಕೊಂಡು ಪುಡಿ ಗುರುವಿನ ಹೆಂಡತಿ ಬಂದಳು. ಮತ್ತೆ ಸಡಿಲವಾಗಿದೆಯಂತೆ, ಸಭೆಗೆ ಇದನ್ನೇ ಹಾಕಿಕೊಳ್ಳುವುದಂತೆ, ಮೂವತ್ತಮೂರಕ್ಕೆ ಹಿಡಿಯಬೇಕಂತೆ. ಸ್ಟೂಲಿನ ಮೇಲೆ ಕೂತು ನಗುತ್ತಲೇ ಹೇಳಿದಳು: "ಒಂದು ಹೊತ್ತಿಗೆ ಒಂದು ಜಗ್ಗು ನೀರು ಕುಡೀತಾರೆ ಅಕ್ಕ. ಘಳಿಗೆಗೊಂದು ಸಲ ಬಚ್ಚಲಿಗೆ ಓಡ್ತಾರೆ. ಪುಡಿ ಮೈಯ ವಿಷಾನೆಲ್ಲ ತೊಳೀತಿದೆಯಂತೆ. ನೋಡಿ, ನಮ್ಮನೆಯವರು ಹುಡುಗ ಆಗ್ಬಿಟ್ರು!"

ಟೈಲರಮ್ಮನ ಕೈಯ ಸೀಮೆಸುಣ್ಣ ಪಟ್ಟನೆ ಮುರಿಯಿತು.

ಗುರುವಿನ ಹೆಂಡತಿ ಹೋದ ಮೇಲೆ ನಾದಿನಿ ಅತ್ತಿಗೆಯ ಮುಖ ನೋಡಿ ಗಾಬರಿಯಾದಳು. "ಏನು, ಮನಸ್ಸು ಕರಗ್ತಾ? ಅಣ್ಣನ್ನ ಮರೆತ್ರಾ?"

"ಯಾರೇ ಮರೆತದ್ದು?" ಟೈಲರಮ್ಮ ಉರಿದುಬಿದ್ದಳು. "ಯೋಚನೆ ಮಾಡು. ಇವನು ಈಗ ಸತ್ತ ಅಂತಿಟ್ಕೋ. ಗುರುಗಳು ಹೋದ್ರು ಅಂತ ಊರೆಲ್ಲ ಅಳುತ್ತೆ. ಪುಡಿಗೆ ಒಂದು ಮಾತು ಬರಲ್ಲ. ನಿನ್ನಣ್ಣನ ಪ್ಯಾಂಟು ಆ ಮೊಳೆ ಮೇಲೇ ಇರುತ್ತೆ. ಸತ್ರೆ ಇವನು ಬಚಾವಾಗ್ತಾನೆ ಕಣೇ! ಸತ್ತವನಿಗೆ ನಾಚಿಕೆ ಎಲ್ಲಿದೆ? ನನಗೆ ಇವನು ಬದುಕಿರಬೇಕು."

ಅದು ನಿಜವೇ ಆಗಿತ್ತು. ಆ ಹೆಂಗಸಿನ ಬಾಯಲ್ಲಿ ತನ್ನದೇ ಮಾತು ಕೇಳಿ ಎದೆ ಧಸಕ್ಕೆಂದದ್ದೂ ನಿಜ. ಅದನ್ನು ಮಾತ್ರ ಅವಳು ಯಾರಿಗೂ ಹೇಳಲಿಲ್ಲ.

ಪ್ಯಾಂಟಿನ ಹಳೆಯ ಹೊಲಿಗೆಯನ್ನೆಲ್ಲ ಬಿಚ್ಚಿ ಮೂವತ್ತಮೂರಕ್ಕೆ ಹಿಡಿದಳು. ಆದರೆ ಹಿಂದಿನ ಜೋಡಣೆಗೆ ಮಿಷನ್ನಿನ ಹೊಲಿಗೆ ಹಾಕಲಿಲ್ಲ. ಗೋಣಿಚೀಲದ ಬಾಯಿಗೆ ಹಾಕುತ್ತಾರಲ್ಲ, ಒಂದು ತುದಿ ಹಿಡಿದು ಎಳೆದರೆ ಸರ್ರನೆ ಬಿಚ್ಚಿಕೊಳ್ಳುವಂಥದ್ದು, ಆ ಹೊಲಿಗೆ ಹಾಕಿ ದಾರದ ತುದಿಯನ್ನು ಸೊಂಟಪಟ್ಟಿಯೊಳಗೆ ಸಿಕ್ಕಿಸಿದಳು.

ಭಾನುವಾರ ಭವನ ಕಿಕ್ಕಿರಿದಿತ್ತು. ಪುಡಿ ಗುರು ಬೆಲ್ಟನ್ನು ಬಿಚ್ಚಿ ತಲೆಯ ಮೇಲೆ ಗಿರ್ರನೆ ತಿರುಗಿಸಿ, "ಇನ್ನು ಇದು ಬೇಕಾಗಿಲ್ಲ!" ಎಂದು ಎಸೆದ. ಚಪ್ಪಾಳೆ. "ಟೈಲರಮ್ಮ, ಬನ್ನಿ, ಅಳೀರಿ" ಎಂದ. ಅವಳು ಕಂಕುಳಲ್ಲಿ ಅಳತೆ ಪುಸ್ತಕ ಇಟ್ಟುಕೊಂಡು ವೇದಿಕೆ ಹತ್ತಿ ಟೇಪು ಸುತ್ತಿ, "ಮೂವತ್ತಮೂರು" ಎಂದಳು. ಮತ್ತೆ ಚಪ್ಪಾಳೆ. ಮೈಕನ್ನು ಅವಳ ಬಾಯಿಗೆ ಹಿಡಿದು, "ಎರಡು ಮಾತು ಹೇಳಿ ಅಮ್ಮ" ಎಂದ. ಅವಳು ಮೈಕನ್ನೇ ಕಿತ್ತುಕೊಂಡಳು.

"ಆ ಕಂದು ಪ್ಯಾಂಟಿನ ಡ್ರೈವರು ಎಲ್ಲಿದ್ದಾರೆ ಗುರುಗಳೇ? ಕರೀರಿ. ನಾವೂ ನೋಡೋಣ."

ಗುರು ಮೈಕಿಗೆ ಕೈ ಚಾಚಿದ. "ಅಮ್ಮ, ಅದು ಈಗ..." ಎಂದ.

"ಸತ್ತಿದ್ದಾರೆ! ನನ್ನ ಗಂಡ. ಇವನ ಮಾತು ಕೇಳಿ ಮಾತ್ರೆ ಬಿಟ್ರು, ಸತ್ರು. ಕೇಳಿ ಅಳತೆ." ಪುಸ್ತಕ ತೆರೆದು ಓದಿದಳು. "ನಮ್ಮನೆಯವರದು: ಮೂವತ್ತೆಂಟು, ಮೂವತ್ತಾರು, ಮೂವತ್ತನಾಲ್ಕು, ಮೂವತ್ತೆರಡು, ಮೂವತ್ತು, ಆಮೇಲೆ ಮಣ್ಣು. ಇವನದು: ಮೂವತ್ತೆಂಟು, ಮೂವತ್ತಾರು, ಮೂವತ್ತನಾಲ್ಕು, ಇವತ್ತು ಮೂವತ್ತಮೂರು. ಅವರಿಗೂ ಇದೇ ಬಾಯಾರಿಕೆ, ಇದೇ ಬಚ್ಚಲಿಗೆ ಓಟ. ಪುಡಿ ಕೆಲಸ ಅಲ್ಲ ಇದು, ಸಕ್ಕರೆ ಕಾಯಿಲೆ. ನರ್ಸಮ್ಮ, ಆ ಯಂತ್ರ ತಗೊಂಡು ಬನ್ನಿ!"

"ಇವರಿಗೆ ತಲೆ ಕೆಟ್ಟಿದೆ!" ಎಂದು ಕೂಗಿ ಅವನು ಮೆಟ್ಟಿಲ ಕಡೆಗೆ ತಿರುಗಿದ. ತಿರುಗಿದ್ದೇ ತಪ್ಪಾಯಿತು. ಅವಳು ಬೆನ್ನ ಕಡೆಯ ಸೊಂಟಪಟ್ಟಿಗೆ ಕೈಹಾಕಿ ದಾರ ಹಿಡಿದು ಎಳೆದಳು. ಸರ್ರ್! ಮೂವತ್ತಮೂರು ಹೋಗಿ ಮೂವತ್ತೆಂಟಾಯಿತು. ಗುರು ಎರಡೂ ಕೈಯಲ್ಲಿ ಪ್ಯಾಂಟು ಹಿಡಿದು ನಿಂತಲ್ಲೇ ನಿಂತ. ಓಡುವ ಹಾಗೂ ಇಲ್ಲ, ಕೈ ಬಿಡುವ ಹಾಗೂ ಇಲ್ಲ. ಮೊದಲು ಮೂಲೆಯಲ್ಲಿ ಯಾರೋ ಕಿಸಕ್ಕೆಂದರು, ಆಮೇಲೆ ಭವನಕ್ಕೆ ಭವನವೇ ನಕ್ಕಿತು. "ಬೆರಳು ಕೊಡಿ ಗುರುಗಳೇ, ನಿಮಗೇನೂ ಇಲ್ವಲ್ಲ, ಹೆದರ್ತೀರ್ಯಾಕೆ!" ಎಂದು ಹಿಂದಿನ ಸಾಲಿನವರು ಕೂಗಿದರು. ನಗದೆ ಇದ್ದವಳು ಅವನ ಹೆಂಡತಿ ಒಬ್ಬಳೇ. ಅವಳೇ ವೇದಿಕೆ ಹತ್ತಿ ಅವನ ಒಂದು ಕೈಯನ್ನು ಪ್ಯಾಂಟಿನಿಂದ ಬಿಡಿಸಿ ನರ್ಸಮ್ಮನ ಮುಂದೆ ಹಿಡಿದಳು.

ನಾನೂರ ಹನ್ನೆರಡು. ನರ್ಸಮ್ಮ ಇನ್ನೊಂದು ಬೆರಳು ಚುಚ್ಚಿ ಮತ್ತೊಮ್ಮೆ ನೋಡಿ, "ಈಗಲೇ ಆಸ್ಪತ್ರೆಗೆ ಹೊರಡಿ" ಎಂದರು. ಟೈಲರಮ್ಮ ಮೊಳೆಯ ಮೇಲಿದ್ದ ಕಂದು ಪ್ಯಾಂಟು ತೆಗೆದು ಮಡಚಿಕೊಂಡು, ನಾದಿನಿಯ ಕೈಹಿಡಿದು ಮನೆಗೆ ನಡೆದಳು.

ಅವನು ಬದುಕಿದ. ಸೂಜಿ, ಮಾತ್ರೆ, ಪಥ್ಯ. ಪುಡಿಯ ಡಬ್ಬಿ ಕೇಳುವವರಿಲ್ಲದೆ ಹೋಯಿತು. ತಿಂಗಳೊಪ್ಪತ್ತಿನ ಮೇಲೆ ಹೆಂಡತಿಯ ಬೆನ್ನ ಹಿಂದೆ ಅಂಗಡಿಗೆ ಬಂದ. ಅದೇ ಪ್ಯಾಂಟುಗಳು, ಈಗ ಬಿಗಿಯಾಗುತ್ತಿವೆ. "ನನ್ನ ಜೀವ ಉಳಿಸಿದ್ರಿ ಅಮ್ಮ" ಎಂದು ಕೈ ಮುಗಿದ.

"ನಿನ್ನ ಉಳಿಸೋಕಲ್ಲ ನಾನು ಮಾಡಿದ್ದು. ನಿನ್ನ ಮಾನ ಕಳೆಯೋಕೆ. ಜೀವ ಉಳ್ಕೊಂಡಿದ್ದು ನಿನ್ನ ಪುಣ್ಯ, ನನ್ನ ಕರ್ಮ. ನಿನ್ನ ನೋಡಿದಾಗೆಲ್ಲ ನನಗೆ ಹೊಟ್ಟೆ ಉರಿಯುತ್ತೆ. ಸೊಂಟ ಬಿಡ್ಬೇಕಾ? ಬಿಡ್ತೀನಿ. ಪ್ರತಿ ತಿಂಗಳು ಮೊದಲ ಭಾನುವಾರ ಈ ಕಂದು ಪ್ಯಾಂಟು ತಗೊಂಡು ಹೋಗಿ ನರ್ಸಮ್ಮನ ಮೇಜಿನ ಪಕ್ಕ ನಿಲ್ಲು. ಬಂದವರಿಗೆಲ್ಲ ಹೇಳು, ಇದನ್ನ ಹಾಕ್ಕೋತಿದ್ದೋರು ಸತ್ರು, ಅವರ ಮಾತ್ರೆ ಬಿಡಿಸಿದ್ದು ನಾನು, ನೀವು ಬೆರಳು ತೋರಿಸಿ ಹೋಗಿ ಅಂತ. ಒಂದು ಭಾನುವಾರಕ್ಕೆ ಅರ್ಧ ಇಂಚು."

ಅವನು ಹೆಂಡತಿಯ ಮುಖ ನೋಡಿದ. "ನನ್ನನ್ನೇನು ನೋಡ್ತೀರಿ? ನಿಲ್ಲಿ" ಎಂದಳು ಅವಳು.

ನಿಂತ. ಮೊದಲ ಭಾನುವಾರ ಅವನ ಬಾಯಿಂದ ಮಾತೇ ಹೊರಡಲಿಲ್ಲ. ಎದುರಿನ ಕುರ್ಚಿಯಲ್ಲಿ ಕೂತು ಟೈಲರಮ್ಮ ಕಣ್ಣು ಕೀಳದೆ ನೋಡಿದಳು, ಮಾತು ಹೊರಟಿತು. ಎರಡನೆಯ ತಿಂಗಳು ಅವನ ಹತ್ತಿರ ಪುಡಿ ಕೊಂಡಿದ್ದವರೇ ಬಂದು ಸಾಲಾಗಿ ನಿಂತರು. ಹೀಗೆ ಆರು ತಿಂಗಳು, ಆರು ಸಲ ಅರ್ಧ ಇಂಚು.

ಆರನೆಯ ಸಲ ಅವಳು ಟೇಪು ಸುತ್ತಿ ಮೂವತ್ತಾರು ಎಂದು ಬರೆದಳು. ಎದುರಿನ ಗಂಡನ ಪುಟದಲ್ಲಿ ಮೂವತ್ತರ ಕೆಳಗೆ ಎಲ್ಲ ಖಾಲಿ ಇತ್ತು. ಅವನು ಪ್ಯಾಂಟು ತೊಟ್ಟು ಪರದೆಯಿಂದ ಹೊರಬಂದು ಮೆಲ್ಲಗೆ, "ಸರಿಯಾಗಿದೆ ಅಮ್ಮ. ಇದಕ್ಕಿಂತ ದಪ್ಪ ಆಗ್ಬೇಡ ಅಂದಿದ್ದಾರೆ ನರ್ಸಮ್ಮ. ಇನ್ನು ಬಿಡೋದು ಏನೂ ಇಲ್ಲ. ಅಂದ್ರೆ... ಮುಗೀತಲ್ವಾ?" ಎಂದ.

ಟೈಲರಮ್ಮ ಪುಸ್ತಕ ಮುಚ್ಚಿ ಖಾನೆಗೆ ತಳ್ಳಿದಳು.

"ಬಟ್ಟೆ ಬಿಟ್ಟಿದ್ದೀನಿ. ನಿನ್ನ ಬಿಟ್ಟಿಲ್ಲ. ಬರೋ ತಿಂಗಳು ಮೊದಲ ಭಾನುವಾರ, ಹತ್ತು ಗಂಟೆಗೆ ಬಾ."