ರಿಪೇರಿ ಅತ್ತಿಗೆ

ಬೆಳಕು ಹರಿಯುವ ಮೊದಲೇ ನೀರು ತುಂಬಿ, ಹಾಲು ಕಾಸಿ, ಮಾವನ ಮಾತ್ರೆ ಎತ್ತಿಟ್ಟು, ಮಕ್ಕಳ ಡಬ್ಬಿ ಕಟ್ಟಿ, ರಿಪೇರಿ ಅತ್ತಿಗೆ ಇವತ್ತು ಕಾರಿನ ಬಾನೆಟ್ ಎತ್ತಿದ್ದಾಳೆ. ಸ್ಪಾರ್ಕ್ ಪ್ಲಗ್ ಬಿಚ್ಚುವುದಾದರೆ ಎಂಜಿನ್ ತಣ್ಣಗಿರಬೇಕು. ಸೋರುವ ನಲ್ಲಿ, ಮುನಿಸಿಕೊಂಡ ಮಿಕ್ಸಿ, ಮಾವನ ಕನ್ನಡಕದ ಕಾಲು, ಎಲ್ಲಕ್ಕೂ ಅವಳದು ಒಂದೇ ಮಾತು: "ಇರಿ, ನೋಡೋಣ." ಸೂರ್ಯ ಹುಟ್ಟುವುದು ತಡವಾದರೆ ಇವಳೇ ಸ್ಕ್ರೂಡ್ರೈವರ್ ಹಿಡಿದು ಹೊರಡುತ್ತಾಳೆಂದು ಪಕ್ಕದ ಮನೆಯಾಕೆ ನಗುತ್ತಾಳೆ. ಗಂಡನೋ, ನಿನ್ನೆ ಪ್ಲಗ್ಗಿನ ವೈರನ್ನು ತುದಿಯ ರಬ್ಬರ್ ಟೊಪ್ಪಿ ಹಿಡಿದು ಬಿಚ್ಚುವ ಬದಲು ನಡುವೆ ಹಿಡಿದೆಳೆದು ಹರಿದು, ಕಾರನ್ನೇ ಬೈದು, ಗುಜರಿಯವನಿಗೆ ಇವತ್ತೇ ಬರಹೇಳಿದ್ದಾನೆ. ಕಾರು ಹೋದರೆ ನಾಲ್ಕಾರು ಮನೆಗಳ ಮಕ್ಕಳನ್ನು ಶಾಲೆಗೆ ಬಿಡುವ, ಅವಳಿಗೆ ಈಗಷ್ಟೇ ಸಿಕ್ಕ ಕೆಲಸವೂ ಹೋದಂತೆ. ವೈರುಗಳು ಅದಲುಬದಲಾಗದಂತೆ ಅತ್ತಿಗೆ ಒಂದನ್ನು ಬಿಚ್ಚಿ, ಪ್ಲಗ್ಗನ್ನೂ ವೈರನ್ನೂ ಹೊಸದು ಹಾಕಿದ ಮೇಲೆಯೇ ಇನ್ನೊಂದನ್ನು ಮುಟ್ಟುತ್ತಾಳೆ. ಕೊನೆಯ ಪ್ಲಗ್ಗಿನ ಸಂದಿಗೆ ಕಣ್ಣೂ ಹೋಗದು. ಬಳೆ ತೆಗೆದಿಟ್ಟು, ಕೈ ತೂರಿಸಿ, ಬೆರಳಿನಿಂದಲೇ ಮೊದಲ ಸುತ್ತು ತಿರುವುತ್ತಾಳೆ. ಮಂಚದಡಿಯಿಂದ, ಬೀರುವಿನ ಹಿಂದಿನಿಂದ ಮನೆಯವರೆಲ್ಲ ಕಳೆದದ್ದನ್ನು ಹುಡುಕಿಕೊಟ್ಟ ಕೈ ಅದು. ತನಗಾಗಿ ಎಲ್ಲಿಯೂ ಚಾಚಿದ್ದಿಲ್ಲ. "ಕಾಫಿ ಎಲ್ಲೇ?" ಎಂದು ಒಳಗಿನಿಂದ ಗಂಡನ ದನಿ. "ಫ್ಲಾಸ್ಕಲ್ಲಿದೆ, ಬಗ್ಗಿಸ್ಕೊಳ್ಳಿ." ಕೀಲಿ ತಿರುವಿದಾಗ ಕಾರು ಒಮ್ಮೆ ಕೆಮ್ಮಿ, ಆಮೇಲೆ ನುಣ್ಣಗೆ ಗುನುಗತೊಡಗಿತು. ಒಳಗೆ ಹೋಗಿ, ಕಾರು ಒಯ್ಯಲೇ ಎಂದು ಒಂದು ಮಾತು ಕೇಳಬಹುದಿತ್ತು. ಅವಳು ಗಂಡನ ಉದ್ದ ಕಾಲಿಗೆಂದು ಹಿಂದೆ ಸರಿಸಿದ್ದ ಸೀಟನ್ನು ತನ್ನ ಕಾಲಳತೆಗೆ ಮುಂದಕ್ಕೆಳೆದುಕೊಂಡು, ಮೊದಲ ಮಗುವಿನ ಮನೆಯ ಕಡೆಗೆ ಹೊರಟಳು.